ಸೀಮೆಸುಣ್ಣದ ಮನೆಯೊಳಗಿಂದ

ಮನೆ, ಬೀದಿ ಕಡೆಯ ಕೋಣೆ
ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪ? ಎಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಬೊಕ್ಕೆಗಳು ವಾಸಿಯಾದವೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ಅಷ್ಟು ದೊಡ್ಡ ಹಡಗಿನ ಹೊಟ್ಟೆ ನೋಡಿಕೊಳ್ಳುವವನು ತನ್ನ ಹೊಟ್ಟೆಯನ್ನೇ ಮರೆತರೆ ಹೇಗೆ? ನನ್ನ ಸೊಂಟದ ಮೂಳೆ ಕೂಡಿಕೊಂಡಿದೆ ಎಂದು ಡಾಕ್ಟರು ಹೇಳುತ್ತಾರೆ. ಮೂಳೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ವಾಕರ್ ಹಿಡಿದು ಬಚ್ಚಲಿನವರೆಗೆ ಹೋಗುತ್ತೇನೆ, ಅದೂ ನಿನ್ನ ಹೆಂಡತಿ ಬೆನ್ನ ಹಿಂದೆ ಇದ್ದರೆ. ನಿನ್ನ ಹಡಗಿಗೆ ನೆಟ್‌ವರ್ಕ್ ಸಿಗುವುದು ಬಂದರಿನಲ್ಲಿ ಮಾತ್ರ, ಆಗಲೂ ಫೋನು ಅವಳ ಕೈಯಲ್ಲೇ ಇರುತ್ತದೆ. ಅದಕ್ಕೇ ಈ ಕಾಗದ. ನನಗೆ ವ್ಯಾಯಾಮ ಮಾಡಿಸಲು ಬರುವಾತ ಇದನ್ನು ನಿಮ್ಮ ಹಡಗಿನ ಏಜೆಂಟರ ವಿಳಾಸಕ್ಕೆ ಹಾಕುತ್ತೇನೆಂದು ಒಪ್ಪಿದ್ದಾನೆ.

ಅವಳ ಆರ್ಕಿಟೆಕ್ಚರ್ ಓದು ಕೊನೆಯ ವರ್ಷಕ್ಕೆ ಬಂತು. ನೀನು ಹೊರಟಾಗ ಊಟದ ಮೇಜಿನ ಅರ್ಧ ಅವಳದಾಗಿತ್ತು, ಈಗ ಪೂರ್ತಿ ಅವಳದೇ. ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇನೆ. ನನ್ನ ಔಷಧಿಯ ರಟ್ಟಿನ ಡಬ್ಬಿಗಳೆಲ್ಲ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಾಗಿವೆ. ಅವನ್ನು ಲ್ಯಾಪ್‌ಟಾಪಿನ ಮುಂದೆ ತಿರುಗಿಸಿ ತಿರುಗಿಸಿ ತೋರಿಸುತ್ತಾಳೆ. ಆ ಕಡೆಯಿಂದ ಅವಳ ಮೇಷ್ಟ್ರು 'ಸ್ವಲ್ಪ ಎಡಕ್ಕೆ ಹಿಡೀಮ್ಮ, ನೆರಳು ಬೀಳ್ತಿದೆ' ಎನ್ನುತ್ತಾರೆ. ಹೋದ ತಿಂಗಳು ವಯಸ್ಸಾದವರಿಗೊಂದು ಮನೆ ವಿನ್ಯಾಸ ಮಾಡಲು ಹೇಳಿದ್ದರು. ಇವಳು ಕುರ್ಚಿಗಳನ್ನೆಲ್ಲ ಹೊರಗೆ ಹಾಕಿ, ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಮನೆಯನ್ನು ನಿಜವಾದ ಅಳತೆಯಲ್ಲೇ ಬರೆದುಬಿಟ್ಟಳು. 'ನಡೀರಿ ಮಾವ, ಇದು ನಿಮ್ಮನೆ' ಎಂದಳು. ನಾನು ವಾಕರ್ ಹಿಡಿದು ಹೊರಟೆ. ಎರಡು ಸಲ ಸರಿಯಾಗಿ ಹೋದೆ. ಮೂರನೆಯ ಸಲ 'ಮಾವ, ಗೋಡೆ ಒಡ್ಕೊಂಡು ಹೋದ್ರಿ, ಬಾಗಿಲು ಆ ಕಡೆ ಇದೆ' ಎಂದು ನಕ್ಕಳು. 'ಬೆಳಕಿರೋ ಕಡೆ ತಾನೇ ಕಾಲು ಹೋಗೋದು' ಎಂದೆ. ಅವಳು ತಿರುಗಿ ಕಿಟಕಿಯ ಬೆಳಕನ್ನು ನೋಡಿದಳು. ಆಮೇಲೆ ಆ ಗೋಡೆಯನ್ನು ಕಾಲಿನಿಂದ ಅಳಿಸಿ, ಅಲ್ಲೇ ಬಾಗಿಲು ಬರೆದಳು. ಇಡೀ ತರಗತಿಯಲ್ಲಿ ಅದೇ ಒಳ್ಳೆಯ ಮನೆ ಎಂದರಂತೆ ಮೇಷ್ಟ್ರು.

ಈಗ ವಿಷಯಕ್ಕೆ ಬರುತ್ತೇನೆ. ಪರವಾನಗಿ ಕೊಡುವ ಮಂಡಳಿಯವರು ಹೊಸ ನಿಯಮ ತಂದಿದ್ದಾರೆ. ಆನ್‌ಲೈನಿನಲ್ಲಿ ಓದಿದವರು ಐದು ತಿಂಗಳು ಕಾಲೇಜಿಗೇ ಬಂದು, ಅಲ್ಲಿನ ಸ್ಟುಡಿಯೋದಲ್ಲಿ ಕೈಯಾರೆ ಕೆಲಸ ಮಾಡಬೇಕು. ಇಲ್ಲದಿದ್ದರೆ ಡಿಗ್ರಿ ಗೋಡೆಗೆ ತಗುಲಿಸಲು ಮಾತ್ರ, ಒಂದು ನಕ್ಷೆಗೂ ಸಹಿ ಹಾಕುವ ಹಾಗಿಲ್ಲ. ಬರುತ್ತೇನೋ ಇಲ್ಲವೋ ಎಂದು ಈ ತಿಂಗಳೊಳಗೆ ಹೇಳಬೇಕಂತೆ. ಇಟ್ಟಿಗೆ, ಮರ ಮುಟ್ಟದವರು ಮನೆ ಕಟ್ಟಿಸಬಾರದು ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಮೊದಲ ದಿನವೇ ಹೇಳಬೇಕಿತ್ತಲ್ಲ? 'ಮನೆಯಲ್ಲೇ ಕುಳಿತು ಆರ್ಕಿಟೆಕ್ಟ್ ಆಗಿ' ಎಂದು ಕರೆದು, ನಡುನೀರಿನಲ್ಲಿ ಕೈಬಿಡುವುದು ಯಾವ ನ್ಯಾಯ? ಮಂಡಳಿಗೆ ಎರಡು ಸಲ ಬರೆದೆ. ಉತ್ತರವಿಲ್ಲ. ನಾನು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಅಂಚೆಯ ಮೂಲಕ ಕಾನೂನು ಓದುತ್ತಿದ್ದ ಗುಮಾಸ್ತನೊಬ್ಬ ದಿನವೂ ಬಾಗಿಲು ಹಾಕುವವರೆಗೆ ಕೂತಿರುತ್ತಿದ್ದ. 'ಟಪಾಲು ವಕೀಲ' ಎಂದು ಅವನಿಗೆ ಹೆಸರಿಟ್ಟು ನಗುತ್ತಿದ್ದರು. ಆಮೇಲೆ ಅದೇ ಜನ ತಮ್ಮ ಮನೆ ಜಗಳ ಹೊತ್ತುಕೊಂಡು ಅವನ ಬಾಗಿಲಲ್ಲಿ ನಿಂತರು. ಮನೆ ಬಿಟ್ಟು ಹೊರಡಲಾಗದವರು ಓದಲು ಹೊರಟರೆ, ಪ್ರತಿ ಕಾಲದಲ್ಲೂ ಯಾರೋ ಒಬ್ಬರು ಮೆಟ್ಟಿಲನ್ನು ಒಂದು ಅಡಿ ಎತ್ತರಿಸುತ್ತಾರೆ.

ಇವರನ್ನೆಲ್ಲ ಬೈದು ಏನು ಪ್ರಯೋಜನ ಹೇಳು. ಮೊನ್ನೆ ಅವಳು ಮೇಷ್ಟ್ರಿಗೆ ಹೇಳುತ್ತಿದ್ದುದು ಈ ಕೋಣೆಗೆ ಕೇಳಿಸಿತು. 'ಬರೋಕಾಗಲ್ಲ ಸರ್, ಮನೇಲಿ ನಮ್ಮ ಮಾವ ಇದಾರೆ.' ಅಷ್ಟೇ. ಅಳಲಿಲ್ಲ, ದನಿ ಏರಿಸಲಿಲ್ಲ, ಬಂದು ನನ್ನ ಮಾತ್ರೆ ಕೊಟ್ಟಳು. ಮಂಡಳಿಯ ನಿಯಮಕ್ಕಿಂತ ದೊಡ್ಡ ಅಡ್ಡಿ ಹಾಸಿಗೆಯ ಮೇಲೆ ದಿಂಬಿಗೊರಗಿ ಪೇಪರ್ ಓದುತ್ತಿತ್ತು. ನಾನೊಬ್ಬನೇ ಇರಬಲ್ಲೆ ಎಂದು ತೋರಿಸೋಣವೆಂದು ಮಾರನೆಯ ದಿನ ಅವಳು ಅಂಗಡಿಗೆ ಹೋದಾಗ ಚಹಾ ಮಾಡಲು ಹೋದೆ. ಹಾಲು ಉಕ್ಕಿತು, ಒಲೆ ಆರಿತು, ಗ್ಯಾಸ್ ವಾಸನೆ ಹತ್ತಿತು. ಬಗ್ಗಿ ಸಿಲಿಂಡರಿನ ತಿರುಪು ಮುಚ್ಚಲು ಸೊಂಟ ಒಪ್ಪಲಿಲ್ಲ. ಅವಳು ಬರುವವರೆಗೆ ಕಿಟಕಿ ತೆರೆದು ಹಾಗೇ ನಿಂತಿದ್ದೆ. ಬಂದವಳು ಬೈದಿದ್ದರೂ ಸಮಾಧಾನವಾಗುತ್ತಿತ್ತು. 'ಸಕ್ಕರೆ ಹಾಕಿದ್ರಾ ಮಾವ?' ಎಂದು ಕೇಳಿ ಒಲೆ ಒರೆಸಿದಳು. ನೋಡಿಕೊಳ್ಳಲು ಕೆಲಸದವರನ್ನೂ ಕರೆದದ್ದಾಯಿತು. ಬಂದಾಕೆ ನನ್ನನ್ನು ಎತ್ತಲು ಹೋಗಿ ತನ್ನ ಬೆನ್ನು ಹಿಡಿಸಿಕೊಂಡು ಹೋದಳು.

ಬಿಸಿಲಿಗೆ ತಲೆಗೊಂದು ಬಟ್ಟೆ ಕಟ್ಟಿಕೋ. ಹತ್ತು ಸಲ ಯೋಚಿಸಿ ಸಹಿ ಹಾಕುವ ವಂಶ ನಮ್ಮದು, ಅದನ್ನು ಮರೆಯಬೇಡ. ನಿನಗೆ ಆಯುಸ್ಸು, ಆರೋಗ್ಯ, ಗಟ್ಟಿ ನೆಲ ಎಲ್ಲವೂ ಸಿಗಲಿ.

ಇಂತು ನಿನ್ನ
ಅಪ್ಪ

ತಾ.ಕ.: ವ್ಯಾಯಾಮದವನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹೋದ ಸಲ ಫೋನಿನಲ್ಲಿ, ಹಡಗಿನ ಕಂಪನಿಯವರು ಇನ್ನೊಂದು ವರ್ಷಕ್ಕೆ ಸಹಿ ಹಾಕು ಎನ್ನುತ್ತಿದ್ದಾರೆ, ಇನ್ನೂ ತೀರ್ಮಾನಿಸಿಲ್ಲ ಎಂದಿದ್ದೆಯಲ್ಲ. ಅವಳು ಬಟ್ಟೆ ತರಲು ಮೇಲೆ ಹೋಗಿದ್ದಾಗ ನೀನು ನನಗೆ ಬೇರೆ ಮಾತು ಹೇಳಿದೆ ಎಂದು ನಾನು ನಿನ್ನೆ ಅವಳಿಗೆ ಹೇಳಿಬಿಟ್ಟೆ. ಸಹಿ ಹಾಕುವುದಿಲ್ಲ, ಮನೆಗೆ ಬಂದು ಐದು ತಿಂಗಳು ಅಪ್ಪನನ್ನು ನೋಡಿಕೊಳ್ಳುತ್ತೇನೆ ಎಂದೆಯಂತೆ. ಅವಳು ಆಗಲೇ ಕಾಲೇಜಿಗೆ 'ಬರ್ತೀನಿ' ಎಂದು ತಿಳಿಸಿದ್ದಾಳೆ. ರಟ್ಟು ಕತ್ತರಿಸುವ ಚಾಕು, ಸ್ಕೇಲುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಾಳೆ. ನಿನ್ನ ಹಡಗು ಬಂದರು ಮುಟ್ಟಿದ ಕೂಡಲೇ ನಿನಗೆ ಫೋನ್ ಮಾಡುತ್ತಾಳೆ. ಈ ಕಾಗದ ಅದಕ್ಕೆ ಮೊದಲು ಸೇರುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ಪಕ್ಕದ ಕೋಣೆಯಲ್ಲಿ ಏನೋ ಗುನುಗುತ್ತಿದ್ದಾಳೆ ಮಗನೇ. ಎದ್ದು ಹೋಗಿ, ನಾನು ಹೇಳಿದ್ದು ಸುಳ್ಳು ಎಂದು ಹೇಳಲು ನನ್ನಿಂದ ಆಗುತ್ತಿಲ್ಲ.