ಮಿಂದ ಮೇಲೂ ಬದುಕಿದವರು

ಏಪ್ರಿಲ್ ೧೯, ಬೆಳಿಗ್ಗೆ

ಇವರ ಜ್ವರ ಇಳಿದಿಲ್ಲ. ಬಾರ್ಲಿ ಗಂಜಿ ಎರಡು ಗುಟುಕು ಕುಡಿದರು, ಮುಖ ತಿರುಗಿಸಿದರು. ನಮ್ಮ ಮೀನಂಗಡಿ ಮುಚ್ಚಿದೆ. ಬುಟ್ಟಿಯಲ್ಲಿದ್ದ ಬಂಗುಡೆಯನ್ನೆಲ್ಲ ಉಪ್ಪಿಗೆ ಹಾಕಿದೆ.

ಪಕ್ಕದ ಮನೆ ಮೆಲಿಟೀನೆ ಹೊಸ್ತಿಲಲ್ಲೇ ನಿಂತು ಕೇಳಿದಳು — "ಗ್ಲೈಕೋನಣ್ಣಂಗೆ ಸ್ನಾನ ಮಾಡ್ಸಲ್ವೇನೇ ತ್ರುಫೈನಾ? ಇನ್ನೂ ಎಷ್ಟು ದಿನ ಕಾಯ್ತೀರ?"

ಕ್ರಿಸ್ತನ ದೀಕ್ಷೆಯ ಸ್ನಾನದ ಮಾತು. ಇವರು ಕ್ರಿಸ್ತನನ್ನು ನಂಬಿ ಇಪ್ಪತ್ತು ವರ್ಷವಾಯಿತು, ನೀರಿಗೆ ಮಾತ್ರ ಇಳಿದಿಲ್ಲ. ಆ ಸ್ನಾನ ಒಂದೇ ಸಲ. ಅಲ್ಲಿಯವರೆಗಿನ ಪಾಪವೆಲ್ಲ ತೊಳೆದುಹೋಗುತ್ತದೆ, ಆಮೇಲಿನದಕ್ಕೆ ಅವರವರೇ ಹೊಣೆ. ಅದಕ್ಕೇ ಎಲ್ಲರೂ ಸಾಯುವ ಹೊತ್ತಿಗೆ ಕಾಯುತ್ತಾರೆ. ಊರೂರಿಗೆ ಚರ್ಚು ಕಟ್ಟಿಸಿದ ಚಕ್ರವರ್ತಿಯೇ ಇನ್ನೂ ಕಾಯುತ್ತಿದ್ದಾನೆ. "ಅವನು ಮುಳುಗಿದ ದಿನ ನಾನೂ ಮುಳುಗ್ತೀನಿ ಕಣೇ" ಅನ್ನುತ್ತಿದ್ದರು ಇವರು. ಮೀನು ಮಾರುವವರಿಗೆ ದಿನಕ್ಕೆ ನೂರು ಸುಳ್ಳು ಬೇಕು. ಜಾಣರೇ!

ನನಗೆ ಇದ್ಯಾವುದೂ ಬೇಡ. ನನಗೆ ನನ್ನ ಹಳೆಯ ದೇವರುಗಳು ಸಾಕು. ಇವರ ದೇವರು ಹಾಸಿಗೆಯ ಹತ್ತಿರ, ನನ್ನವರು ಒಲೆಯ ಹತ್ತಿರ. ಈ ಮನೆಯಲ್ಲಿ ದೇವರಿಗಾಗಿ ಜಗಳವಾಗಿಲ್ಲ, ಸಾರಿನ ಉಪ್ಪಿಗಾಗಿ ದಿನಾ ಆಗುತ್ತದೆ.

ಏಪ್ರಿಲ್ ೨೧

ಉಸಿರು ಕೆಟ್ಟಿತು... ಪಾದ್ರಿ ಯೂಟಿಖೋಸ್ ಓಡಿಬಂದರು. ಹಾಸಿಗೆಯಲ್ಲೇ ನೀರು ಸುರಿದು ದೀಕ್ಷೆ ಕೊಟ್ಟರು. ಮಿಂದವರಿಗೆ ಉಡಿಸಲು ಬಿಳಿ ಬಟ್ಟೆ ಬೇಕೆಂದರು. ಮದುವೆಯಲ್ಲಿ ಅಮ್ಮ ಕೊಟ್ಟ ಹೊದಿಕೆ ತೆಗೆದುಕೊಟ್ಟೆ.

ನಾನು ಹಿತ್ತಲಿಗೆ ಹೋದೆ. ಗುಡ್ಡದ ಮೇಲಿನ ವೈದ್ಯದೇವರ ಗುಡಿಯ ಕಡೆ ಕೈಯೆತ್ತಿದೆ. ಇವರನ್ನು ಉಳಿಸು, ಒಂದು ಹುಂಜ ಒಪ್ಪಿಸುತ್ತೇನೆ ಅಂದೆ. ಇವರ ದೇವರು ಕರೆದುಕೊಂಡು ಹೋಗಲು ಬಂದಿದ್ದಾನೆ, ನನ್ನವನಾದರೂ ಕೈಹಿಡಿದು ಈಚೆ ಎಳೆಯಲಿ.

ಏಪ್ರಿಲ್ ೨೪

ಬದುಕಿದರು! ಬೆವರಿದರು, ಕಣ್ಣು ಬಿಟ್ಟರು, ರೊಟ್ಟಿ ಕೇಳಿದರು. ನಾನು ಅತ್ತೆ. ಇವರೂ ಅತ್ತರು — ಸಂತೋಷಕ್ಕಲ್ಲ.

"ಈಗೇನ್ ಮಾಡ್ಲೇ? ಇದ್ದ ಒಂದು ಸ್ನಾನ ಮುಗಿದೋಯ್ತಲ್ಲೇ!"

"ಬದುಕಿದ್ದೀರಲ್ಲ, ಅದು ಸಾಲ್ದೇ?"

"ಬದುಕೋದೇ ಕಷ್ಟ ಕಣೇ. ಇನ್ಮೇಲೆ ಒಂದೂ ಪಾಪ ಮಾಡೋ ಹಾಗಿಲ್ಲ."

ಮೇ ೬

ಅಂಗಡಿ ತೆರೆದರು. ತೆರೆಯದಿದ್ದರೇ ಚೆನ್ನಾಗಿತ್ತು.

"ಮೀನು ತಾಜಾ ಇದ್ಯೇನಪ್ಪಾ?"

"ಇಲ್ಲಮ್ಮ, ಮೊನ್ನೇದು. ಬೇಕಾದ್ರೆ ಕಿವಿರು ನೋಡಿ."

ಆಕೆ ಎದುರಂಗಡಿಗೆ ಹೋದಳು. ಅಲ್ಲಿಯದು ಅದಕ್ಕಿಂತ ಹಳೆಯದು. ಅದನ್ನೂ ಹೇಳಲಿಲ್ಲ ಮಹಾರಾಯರು, ಚಾಡಿ ಪಾಪವಂತೆ.

ಮನೆಯಲ್ಲೂ ಬೈಗುಳ ನಿಂತಿದೆ. ಬೇಕೆಂದೇ ಸಾರಿಗೆ ಹಿಡಿ ಉಪ್ಪು ಸುರಿದೆ. ಕಣ್ಣಲ್ಲಿ ನೀರು ತುಂಬಿಕೊಂಡು ಉಂಡರು. ಹೇಗಿದೆ ಎಂದೆ. "ಚೆನ್ನಾಗಿದೆ ಅಂದ್ರೆ ಸುಳ್ಳಾಗುತ್ತೆ. ಇಲ್ಲ ಅಂದ್ರೆ ನಿನಗೆ ನೋವಾಗುತ್ತೆ" ಅಂದು ಎದ್ದುಹೋದರು.

ಬೈಯದ ಗಂಡನ ಜೊತೆ ಬಾಳುವುದು ಹೇಗೆ? ಮನೆ ಭಣಗುಡುತ್ತಿದೆ.

ಮೇ ೧೫, ಸಂಜೆ

ಊರೆಲ್ಲ ಒಂದೇ ಸುದ್ದಿ. ಕಾಯಿಲೆ ಬಿದ್ದ ಚಕ್ರವರ್ತಿಯನ್ನು ನಮ್ಮೂರು ನಿಕೊಮೀಡಿಯಾದ ಹೊರಗಿನ ಅರಮನೆಗೆ ತಂದಿದ್ದಾರೆ. ಮಿಂದನಂತೆ. ಮೈತುಂಬ ಬಿಳಿ, ಅರಸರ ಕಡುನೇರಳೆ ಉಡುಪು ಮುಟ್ಟುವುದಿಲ್ಲವಂತೆ. ಬೀದಿಯವರು ಇವರನ್ನು ಬಿಡುತ್ತಾರೆಯೇ — "ಏನ್ ಗ್ಲೈಕೋನಣ್ಣ, ಚಕ್ರವರ್ತಿ ನಿಮ್ಮನ್ನ ನೋಡಿ ಕಲ್ತನಂತೆ!"

ಇವರು ನಗಲಿಲ್ಲ. ಒಳಗೆ ಬಂದು ನನ್ನ ಪಕ್ಕ ಕೂತರು.

"ನಾಳೆ ನಾನು ಹೋದ್ರೆ ಬಿಳಿ ಬಟ್ಟೆಯೋರ ಜೊತೆ ಇರ್ತೀನಿ. ನೀನೆಲ್ಲಿರ್ತೀಯೇ? ಮುಳುಗೇ... ಒಂದ್ಸಲ."

"ಆಗಲ್ಲ ರೀ. ಅಲ್ಲಿ ಫಿಲೀನಾ ಒಬ್ಬಳೇ ಇದ್ದಾಳೆ."

ಫಿಲೀನಾ ನಮ್ಮ ಮಗಳು. ನಾಲ್ಕು ವರ್ಷಕ್ಕೇ ಹೋದಳು. ಆಗ ಇವರು ಕ್ರಿಸ್ತನ ಹೆಸರೂ ಕೇಳಿರಲಿಲ್ಲ. ಸತ್ತವರನ್ನು ಹೊಳೆ ದಾಟಿಸುವ ಅಂಬಿಗನಿಗೆಂದು ಅವಳ ಬಾಯಲ್ಲಿ ಕಾಸಿಟ್ಟವರು ಇವರೇ. ಆ ಹೊಳೆಯಾಚೆ ಬರೀ ಕತ್ತಲು, ಕತ್ತಲೆಂದರೆ ಹೆದರುತ್ತಿದ್ದಳು ಕೂಸು. ನಾವಿಬ್ಬರೂ ಬೆಳಕಿಗೆ ಹೋಗಿ ಕೂತರೆ ಅವಳ ಹತ್ತಿರ ಯಾರು?

ಇವರು ನನ್ನ ಕೈ ಹಿಡಿದುಕೊಂಡೇ ಕೂತಿದ್ದರು.

ಮೇ ೨೦, ದೀಪ ಹಚ್ಚಿದ ಮೇಲೆ

ಇವತ್ತಿನದನ್ನು ಬರೆದೇ ಮಲಗಬೇಕು.

ಬೆಳಿಗ್ಗೆ ಹುಂಜ ಒಪ್ಪಿಸಿ ಬಂದೆ. ಹರಕೆ ಹರಕೆಯೇ. ಗುಡಿಯಲ್ಲಿ ಜನವಿಲ್ಲ, ಒಬ್ಬ ಮುದಿ ಪೂಜಾರಿ ಮಾತ್ರ. ದೇವರ ಪಾಲು ಬಿಟ್ಟು ಉಳಿದ ಮಾಂಸ ಮನೆಗೆ ತಂದು ಒಲೆಗೇರಿಸಿದೆ. ನನಗೆ ಮಾತ್ರ. ಹಳೆಯ ದೇವರ ಎಡೆಯದು ಮಿಂದವರ ಬಾಯಿಗೆ ಹೋಗುವಂತಿಲ್ಲ. ಇವರಿಗೂ ಹೇಳಿದ್ದೆ. ತಲೆಯಾಡಿಸಿ ತಮ್ಮ ಒಣರೊಟ್ಟಿ ತೆಗೆದುಕೊಂಡಿದ್ದರು.

ನಾನು ಗುಡ್ಡ ಹತ್ತಿದ್ದನ್ನು ಮೆಲಿಟೀನೆ ನೋಡಿ ಪಾದ್ರಿಗೆ ಹೇಳಿದ್ದಾಳೆ. ಪಾದ್ರಿ ಬಂದರು, ಕೂರಲೂ ಇಲ್ಲ.

"ಗ್ಲೈಕೋನ್, ಒಲೆ ಮೇಲಿರೋದು ಗುಡಿಯದ್ದಂತೆ. ನಿಜ ಹೇಳು. ನಿಜವಾದ್ರೆ ಇವಳನ್ನ ತವರಿಗೆ ಕಳಿಸು. ಇಂಥವಳ ಜೊತೆ ಒಂದೇ ಮನೇಲಿ ಇರೋ ಹಾಗಿಲ್ಲ."

ತವರು! ನನ್ನ ತವರಲ್ಲಿ ಉಳಿದಿರುವುದು ಗೋರಿಗಳು.

ಇವರ ಮುಖ ನೋಡಲಾಗಲಿಲ್ಲ. ಬಂಗುಡೆಗಾಗಿಯೂ ಸುಳ್ಳು ಹೇಳದವರು. ಮುಗಿಯಿತು ಅಂದುಕೊಂಡೆ.

"ಗುಡಿಯದ್ದಾ? ಸಂತೇಲಿ ನಾನೇ ತಂದಿದ್ದು, ಸ್ವಾಮಿ" ಅಂದರು ಇವರು.

ಪಾದ್ರಿ ನಂಬಲಿಲ್ಲ, ನಿಂತೇ ಇದ್ದರು. ಇವರು ಎದ್ದರು. ಮಡಕೆಗೆ ಕೈಹಾಕಿ ಒಂದು ಕಾಲು ತೆಗೆದರು. ಪಾದ್ರಿಯ ಎದುರಿಗೇ ತಿಂದರು. ಮೂಳೆ ಚೀಪಿದರು. ನನ್ನ ಕಡೆ ತಿರುಗಿ ಗದರಿದರು —

"ಎಷ್ಟು ಸಲ ಹೇಳ್ಬೇಕೇ ನಿನಗೆ? ಉಪ್ಪು ಜಾಸ್ತಿ!"

ಪಾದ್ರಿ ಹೋದ ಮೇಲೆ ನಾನು ಗೋಡೆಗೊರಗಿ ಅತ್ತೆ. ಇವರು ಎಂದಿನಂತೆ ಮೊಣಕಾಲೂರಿ ಪ್ರಾರ್ಥಿಸಿದರು. ತಮಗೇನೂ ಕೇಳಲಿಲ್ಲ. ಇವಳನ್ನೂ ಮಗೂನೂ ನೋಡ್ಕೋ, ಅಷ್ಟೇ ಅಂದರು.

ಮೇ ೨೩, ಬೆಳಿಗ್ಗೆ

ಚಕ್ರವರ್ತಿ ನಿನ್ನೆ ಹೋದ, ಕ್ರಿಸ್ತನವರ ಹಬ್ಬದ ದಿನವೇ. ಬೀದಿಯೆಲ್ಲ ಅಳು.

"ಅದೃಷ್ಟವಂತ. ಒಂದು ಕಲೆ ಇಲ್ದೆ ಹೋದ" ಅಂದರು ಇವರು.

"ನಿಮ್ಮ ಬಿಳೀಗೆ ನಾನೇ ಕಲೆ ತಂದೆ ರೀ."

"ಬಿಡೇ. ಫಿಲೀನಾ ನನ್ನನ್ನ ಬಿಳಿ ಬಟ್ಟೇಲಿ ಯಾವತ್ತು ನೋಡಿದ್ಲು? ಮೀನಿನ ವಾಸ್ನೆ ಅಪ್ಪ ಆದ್ರೆ ಕತ್ಲಲ್ಲೂ ಗುರುತು ಹಿಡೀತಾಳೆ."

ಅಂಗಡಿ ತೆರೆದಿದ್ದಾರೆ. "ಈಗ ತಾನೇ ಬಲೆಯಿಂದ ತೆಗೆದದ್ದು ತಾಯೀ, ನೋಡಿ, ಇನ್ನೂ ಒದ್ದಾಡ್ತಿದೆ!" — ಮೊನ್ನೆಯ ಮೀನು. ನನ್ನನ್ನೂ ಬೈದು ಕರೆಯುತ್ತಿದ್ದಾರೆ, ಉಪ್ಪಿನ ಮಡಕೆ ಎಲ್ಲಿಟ್ಟೆ ಅಂತ. ಬಂದೆ ರೀ, ಬಂ—