ನೂರ ನಲವತ್ತು ನಂಬರ್ ಎಣ್ಣೆ

ಜನವರಿ 16, 1994, ಭಾನುವಾರ

ಕೂದಲಲ್ಲಿ ಮತ್ತೆ ಗೇರ್ ಆಯಿಲ್ ವಾಸನೆ. ಎರಡು ಸಲ ತೊಳೆದರೂ ಹೋಗಿಲ್ಲ. ಕೊಳೆತ ಬೆಳ್ಳುಳ್ಳಿಯೋ ಗಂಧಕವೋ — ಎರಡರ ನಡುವಿನದು.

ಬೆಳಗ್ಗೆ ಶೆಡ್ಡಿನಲ್ಲಿ ಅಪ್ಪ, ಅಣ್ಣ ಅರ್ತೊ, ನಾನು. ಹೊರಗೆ ಮೈನಸ್ ಮೂವತ್ತು. ಕಾರಿನ ಹಿಂದಿನ ಡಿಫರೆನ್ಶಿಯಲ್‌ಗೆ, ಅಂದರೆ ಹಿಂಗಾಲಿಗಳನ್ನು ತಿರುಗಿಸುವ ಹಲ್ಲುಚಕ್ರಗಳ ಪೆಟ್ಟಿಗೆಗೆ, ಅಪ್ಪ ತೊಂಬತ್ತು ನಂಬರ್ ಎಣ್ಣೆ ಹಾಕಿದರು. ತೆಳುವಾದದ್ದು. ಈ ಚಳಿಗೆ ಅದೇ ಸರಿಯಂತೆ. ಗಟ್ಟಿಯದು ಹಾಕಿದರೆ ಹಲ್ಲುಗಳ ನಡುವೆ ಡಾಂಬರಿನ ಹಾಗೆ ಹಿಡಿದುಕೊಳ್ಳುತ್ತದೆ. ಎಂಜಿನ್ನಿನ ಕಸುವೆಲ್ಲ ಅದನ್ನು ಕಲಕುವುದಕ್ಕೇ ಖರ್ಚು. ನಾಲ್ಕು ಸುತ್ತಿನ ರೇಸು ಮುಗಿದರೂ ಬೆಚ್ಚಗಾಗುವುದಿಲ್ಲ. ಇದನ್ನೆಲ್ಲ ಅಪ್ಪ ವಿವರಿಸಿದ್ದು ಅರ್ತೊಗೆ. ನಾನು ಟಾರ್ಚ್ ಹಿಡಿದಿದ್ದೆ. ಟಾರ್ಚ್ ಹಿಡಿದವಳಿಗೂ ಕಿವಿ ಇರುತ್ತದೆ.

ಕಾರು ನನ್ನದು. ಹಳೆಯ ವೋಲ್ವೊ. ಅಯ್ಲಿ ಅತ್ತೆ ಸಾಯುವ ಮೊದಲು ನನ್ನ ಹೆಸರಿಗೆ ಮಾಡಿದ್ದು. ಗಾಜು, ಸೀಟು ಕಿತ್ತು ಹೆಪ್ಪುಗಟ್ಟಿದ ಕೆರೆಯ ಮೇಲೆ ಓಡುವ ರೇಸಿನ ಕಾರು ಮಾಡಲೇ ಎಂದು ಅಪ್ಪ ಕೇಳಿದಾಗ, ನಾನೂ ಓಡಿಸುವುದಾದರೆ ಆಗಲಿ ಎಂದಿದ್ದೆ. ಅಪ್ಪ ಹೂಂ ಅಂದಿದ್ದರು. ಸಾಹಿತ್ಯದಲ್ಲಿ ಡಿಗ್ರಿ ಮುಗಿಸಿ, ಎಲ್ಲೂ ಕೆಲಸ ಸಿಗದೆ ಅಪ್ಪನ ಮನೆಯಲ್ಲಿ ಗಂಜಿ ಕಲಕುತ್ತ ಕೂತವಳು ಅದಕ್ಕಿಂತ ಹೆಚ್ಚೇನು ಕೇಳಿಯಾಳು.

ಮಧ್ಯಾಹ್ನದ ರೇಸಿನಲ್ಲಿ ಅರ್ತೊ ಗೆದ್ದ. ಗೆದ್ದರೆ ಚೀಟಿಯ ಕಾಟ. ರೇಸು ಮುಗಿದ ಮೇಲೆ ಯಾವ ಕಾರನ್ನಾದರೂ ಯಾರು ಬೇಕಾದರೂ ನಿಗದಿ ಬೆಲೆಗೆ ಕೇಳಬಹುದು, ಕೊಡಲೇಬೇಕು; ಇಲ್ಲವೆಂದರೆ ಮತ್ತೆ ರೇಸಿಗೆ ಬರುವಂತಿಲ್ಲ. ಯಾರೂ ಕಾರಿನ ಮೇಲೆ ದುಡ್ಡು ಸುರಿಯದಿರಲಿ ಎಂದು ಈ ನಿಯಮ. ಕೇಳುವವರು ಹೆಚ್ಚಾದರೆ ಡಬ್ಬಿಗೆ ಚೀಟಿ ಹಾಕಿ ಒಂದನ್ನು ಎತ್ತುತ್ತಾರೆ. ಕಾರು ಹೊರಗಿನವರ ಪಾಲಾಗದಿರಲಿ ಎಂದು ಅಪ್ಪ ಮೊದಲೇ ತಮ್ಮ ಗೆಳೆಯರನ್ನೆಲ್ಲ ಚೀಟಿ ಹಾಕಲು ಸಾಲಾಗಿ ನಿಲ್ಲಿಸಿದ್ದರು. ಎತ್ತಿದ ಚೀಟಿ ಪಕ್ಕದ ಮನೆಯ ಕೆತ್ತುನೆನ್‌ನದು. ಸಂಜೆ ಅವನೇ ಕಾರು ತಂದು ಅಂಗಳದಲ್ಲಿ ನಿಲ್ಲಿಸಿ, ಕಾಫಿ ಕುಡಿದು, ಕಾಗದ ಮತ್ತೆ ನನ್ನ ಹೆಸರಿಗೆ ಮಾಡಿಕೊಟ್ಟು ಹೋದ. ಊರೇ ಅಪ್ಪನ ಬೆನ್ನಿಗಿದೆ.

ಫೆಬ್ರವರಿ 5, ಶನಿವಾರ

ಅರ್ತೊನ ಬಲ ಭುಜದ ಮೂಳೆ ಮುರಿದಿದೆ. ರೇಸಿನಲ್ಲಲ್ಲ — ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಜಾರಿ. ನಾಳೆ ಹೆಂಗಸರ ರೇಸು. ನನ್ನ ಸರದಿ.

ಶೆಡ್ಡಿಗೆ ಹೋದರೆ ಅಪ್ಪ ತೊಂಬತ್ತರ ಎಣ್ಣೆಯನ್ನು ಬಸಿದುಬಿಟ್ಟಿದ್ದರು. ಸೌನಾದ, ಅಂದರೆ ಹಬೆಸ್ನಾನದ ಕೋಣೆಯ, ಒಲೆಯ ಪಕ್ಕ ನೂರ ನಲವತ್ತರ ಡಬ್ಬಿ ಬಿಸಿಗೆ ಇಟ್ಟಿತ್ತು. ಬಿಸಿ ಮಾಡದಿದ್ದರೆ ಅದು ಡಬ್ಬಿಯಿಂದ ಇಳಿಯುವುದೂ ಇಲ್ಲ.

ಯಾಕೆ ಎಂದೆ.

"ಹಲ್ಲು ಸವೆದಿದೆ. ಗಟ್ಟಿ ಎಣ್ಣೆ ಇದ್ರೆ ಉಳ್ಕೊಳ್ಳುತ್ತೆ."

ಅಣ್ಣ ಓಡಿಸುವಾಗ ಸವೆದಿರಲಿಲ್ಲವೇ ಎಂದೆ. ನಾನು ಇಷ್ಟು ಎದುರಾಡುವುದು ಅಪರೂಪ. ಅಪ್ಪ ಕೈ ಒರೆಸಿಕೊಂಡರು.

"ನೋಡು ಔತಿ, ಗೆದ್ದರೆ ನಾಲ್ಕು ಜನರ ಕಣ್ಣು ಬೀಳುತ್ತೆ. ನೀನು ಐದನೆಯವಳೋ ಆರನೆಯವಳೋ ಆಗಿ ಬಾ, ಸಾಕು. ಅವನ ಭುಜ ವಾಸಿಯಾಗೋ ತನಕ ಕಾರು ಉಳೀಬೇಕು."

ಬಾಗಿಲಲ್ಲಿ ಒರಗಿದ್ದ ಅರ್ತೊ, ಇವಳು ಓಡಿಸುವ ವೇಗಕ್ಕೆ ಗಂಜಿ ಹಾಕಿದರೂ ನಡೆದೀತು ಎಂದ. ಇಬ್ಬರೂ ನಕ್ಕರು. ನಾನೂ ಸ್ವಲ್ಪ ನಕ್ಕೆ. ಅದೇ ನನ್ನ ಕೆಟ್ಟ ಅಭ್ಯಾಸ.

ಫೆಬ್ರವರಿ 6, ಭಾನುವಾರ

ಅವರು ಏಳುವ ಮೊದಲೇ ಕಾರಿನ ಕೆಳಗೆ ಮಲಗಿದ್ದೆ. ಹೀಟರ್ ಇಟ್ಟು ಕಾಯಿಸಿದ ಮೇಲೆ ಗಟ್ಟಿ ಎಣ್ಣೆ ಹಗ್ಗದ ಹಾಗೆ ಇಳಿಯಿತು. ತೊಂಬತ್ತರದ್ದು ಹಾಕಿದೆ. ಹಲ್ಲು ಸವೆದದ್ದು ನಿಜವೇ. ಆದರೆ ಅರ್ಧ ದಿನಕ್ಕೆ ಏನೂ ಆಗುವುದಿಲ್ಲ.

ಗೆದ್ದೆ.

ಹೇಗೆ ಎಂದು ಬರೆಯಲು ಬರುತ್ತಿಲ್ಲ. ಕೊನೆಯ ತಿರುವಿನಲ್ಲಿ ಕಾರಿನ ಹಿಂಭಾಗ ಪಕ್ಕಕ್ಕೆ ಹೋಯಿತು, ನಾನು ಹೆದರಲಿಲ್ಲ... ಅಷ್ಟೇ.

ಇಳಿದು ಅಪ್ಪನನ್ನು ಹುಡುಕಿದೆ. ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದರು. ಯಾರನ್ನೂ ಸಾಲಿನಲ್ಲಿ ನಿಲ್ಲಿಸಿರಲಿಲ್ಲ. ಕೆತ್ತುನೆನ್ ಸಾಸೇಜ್ ತಿನ್ನುತ್ತಿದ್ದ. ನಾನು ಗೆಲ್ಲಬಹುದು ಎಂದು ಒಬ್ಬರಿಗೂ ಅನ್ನಿಸಿರಲಿಲ್ಲ. ಡಬ್ಬಿಗೆ ಮೂರು ಚೀಟಿ ಬಿದ್ದವು — ಬೇರೆ ಊರಿನವರದು ಎರಡು, ಭುಜಕ್ಕೆ ಪಟ್ಟಿ ಕಟ್ಟಿಕೊಂಡ ಅರ್ತೊನದು ಒಂದು.

ಅರ್ತೊನದೇ ಬಂತು. ಮನೆಗೇ ಬಂತಲ್ಲ ಎಂದು ಎದೆ ಹಗುರಾಯಿತು. ಆಮೇಲೆ ನೋಡಿದರೆ ಅವನು ಮೇಜಿನ ಮೇಲೆ ಬಾಗಿ, ರೂಢಿಯಿಲ್ಲದ ಎಡಗೈಯಲ್ಲಿ ಕಷ್ಟಪಟ್ಟು, ಕಾರಿನ ಕಾಗದದಲ್ಲಿ ತನ್ನ ಪೂರ್ತಿ ಹೆಸರು ಬರೆಯುತ್ತಿದ್ದ.

ಫೆಬ್ರವರಿ 7

ಊಟದ ಹೊತ್ತಿಗೆ ಕೇಳಿದೆ. ಕೆತ್ತುನೆನ್ ಮಾಡಿದ ಹಾಗೆ ಕಾಗದ ನನ್ನ ಹೆಸರಿಗೆ ತಿರುಗಿಸಿಕೊಡಬಹುದಲ್ಲ ಎಂದು. ಅರ್ತೊ ಆಲೂಗಡ್ಡೆ ತಿನ್ನುವುದನ್ನು ನಿಲ್ಲಿಸಲಿಲ್ಲ. ಹಣ ಕೊಟ್ಟಿದ್ದೇನಲ್ಲ, ಸುಮ್ಮನೆ ತಗೊಂಡೆನೇ ಎಂದ. ಅಪ್ಪ ಹೇಳಿದರು:

"ಮನೆಯಲ್ಲೇ ಉಳೀತಲ್ಲ ಮಗಳೇ. ನಿನಗ್ಯಾಕೆ ಕಾರು? ಓದಿದವಳು. ಇವತ್ತಿರ್ತೀಯ, ನಾಳೆ ಹೋಗ್ತೀಯ."

ನಾನು ಗೆದ್ದ ಬಗ್ಗೆ ಒಂದು ಮಾತಿಲ್ಲ. ಎಣ್ಣೆ ಬದಲಾಯಿಸಿದ್ದರ ಬಗ್ಗೆ ಮಾತ್ರ ಇತ್ತು — ಕೇಳದೆ ಮುಟ್ಟಬಾರದಿತ್ತು ಎಂದು.

ಮಾರ್ಚ್ 19, ಶನಿವಾರ

ಬಹಳ ದಿನ ಬರೆದಿಲ್ಲ. ಬರೆದರೆ ಬೈಗುಳವೇ ಆಗುತ್ತಿತ್ತು.

ಅರ್ತೊನ ಭುಜ ವಾಸಿ. ನಾಳೆ ಈ ಚಳಿಗಾಲದ ಕೊನೆಯ ರೇಸು, ಆಮೇಲೆ ಕೆರೆಯ ಮಂಜುಗಡ್ಡೆ ಕರಗುತ್ತದೆ. ಇವತ್ತಿನ್ನೂ ಮೈನಸ್ ಹದಿನೆಂಟು. ಡಿಫರೆನ್ಶಿಯಲ್ ಬಿಚ್ಚಿ ಒರೆಸಿ ಇಟ್ಟು, ಅರ್ತೊ ನನ್ನನ್ನು ಕರೆದ.

"ಎಣ್ಣೆ ನೀನೇ ಹಾಕಮ್ಮ. ಹೋದ ಸಲ ನಿನ್ನ ಕೈಗುಣ ಚೆನ್ನಾಗಿತ್ತು."

ನಂತರ ಇಬ್ಬರೂ ಕಾಫಿಗೆ ಒಳಗೆ ಹೋದರು. ಶೆಲ್ಫಿನ ಮೇಲೆ ಎರಡು ಡಬ್ಬಿ. ಸೌನಾದ ಒಲೆ ಶನಿವಾರದ ಸ್ನಾನಕ್ಕೆಂದು ಹೇಗೂ ಉರಿಯುತ್ತಿತ್ತು.

ಮೆಲ್ಲಗೆ ಓಡುವ ಕಾರನ್ನು ಯಾರೂ ಕೇಳುವುದಿಲ್ಲ. ಯಾರೂ ಕೇಳದಿದ್ದರೆ ಅಪ್ಪ ಗೆಳೆಯರನ್ನು ನಿಲ್ಲಿಸುವುದಿಲ್ಲ. ಆಗ ಡಬ್ಬಿಯಲ್ಲಿ ಒಂದೇ ಚೀಟಿ. ನನ್ನದು. ಅರ್ತೊ ಕೊಟ್ಟ ಹಣವನ್ನು ನಾನು ಮುಟ್ಟಿಯೇ ಇಲ್ಲ; ನಿಗದಿ ಬೆಲೆಗೆ ಅದೇ ಸಾಕು.

ನೂರ ನಲವತ್ತು ಹಾಕಿದೆ. ಸವೆದ ಹಲ್ಲಿಗೆ ಒಳ್ಳೆಯದು. ಅಪ್ಪನೇ ಹೇಳಿದ್ದು.

ಮಾರ್ಚ್ 20, ಕೆರೆಯ ಮೇಲೆ, ಕಾಫಿ ಡೇರೆ

ಅರ್ತೊ ಆರನೆಯವನಾಗಿ ಬಂದ. ಹೊರಡುವಾಗಲೇ ಕಾರು ದಣಿದ ಎತ್ತಿನ ಹಾಗೆ ಕಾಲೆಳೆಯಿತು. ಅವನು ಚಕ್ರಕ್ಕೆ ಒದ್ದು, ಹೆಲ್ಮೆಟ್ ಎಸೆದು ಹೋದ. ಕೆತ್ತುನೆನ್ ಮತ್ತು ಉಳಿದವರು ಆಗಲೇ ಮನೆಗೆ ಹೊರಟುಹೋಗಿದ್ದಾರೆ.

ಚೀಟಿ ಬರೆದು ಕೊಟ್ಟೆ. ಮೇಜಿನ ಹಿಂದಿನ ಮುದುಕಿ, ಇದೇ ಕಾರನ್ನೇ ಎಂದು ಎರಡು ಸಲ ಕೇಳಿದಳು. ಇನ್ನು ಹತ್ತು ನಿಮಿಷದಲ್ಲಿ ಚೀಟಿ ಹಾಕುವ ಹೊತ್ತು ಮುಗಿಯುತ್ತದೆ. ಅಲ್ಲಿಯ ತನಕ ಬರೆಯುತ್ತಿದ್ದೇನೆ.

ಡೇರೆಯ ಬಾಗಿಲಿಂದ ಕಾರು ಕಾಣುತ್ತದೆ. ಅಪ್ಪ ಅದರ ಹಿಂದೆ ನೆಲಕ್ಕೆ ಮಲಗಿ ಕೆಳಗೆ ಕೈ ಹಾಕಿದ್ದಾರೆ. ಎಣ್ಣೆಯ ಪ್ಲಗ್ ಬಿಚ್ಚಿದರು. ಬೆರಳು ಅದ್ದಿದರು. ಹೆಬ್ಬೆರಳು ಸೇರಿಸಿ ಬಿಡಿಸಿ, ಎಣ್ಣೆ ಎಷ್ಟು ಉದ್ದ ಎಳೆಯಾಗುತ್ತದೆ ನೋಡಿದರು. ತಲೆಯೆತ್ತಿ ನೇರ ನನ್ನನ್ನೇ ನೋಡಿದರು.

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕೈ ಪ್ಯಾಂಟಿಗೆ ಒರೆಸಿಕೊಂಡು ಮೇಜಿನ ಹತ್ತಿರ ಹೋದರು. ಮುದುಕಿಯ ಹತ್ತಿರ ಪೆನ್ನು ಕೇಳಿದರು. ಬರೆದರು. ಮಡಿಸಿ ಡಬ್ಬಿಗೆ ಹಾಕಿದರು.

ಈಗ ಎರಡು ಚೀಟಿ. ಅವಳು ಡಬ್ಬಿ ಅಲ್ಲಾಡಿಸುತ್ತಿದ್ದಾಳೆ, ನನ್ನ ಹೆಸರು ಕೂಗಿ ಚೀಟಿ ಎತ್ತುವ ಹೊತ್ತಾಯಿತು, ಬಾ ಎನ್ನುತ್ತಿದ್ದಾಳೆ, ಅಪ್ಪ ನನ್ನ ಕಡೆ ತಿರುಗುತ್ತಲೂ ಇಲ್ಲ, ನಾನು —