ಸಣ್ಣ ಸೂಜಿ, ದೊಡ್ಡ ಸೂಜಿ

ತಾಂಬಾ, ಮಂಗಳವಾರ
೧೮ ನವೆಂಬರ್ ೨೦೨೫

ಮಗಳೇ ಸಂಘಮಿತ್ರಾ, ನಿನ್ನವ್ವನ ತುಂಬು ಪ್ರೀತಿ.

ನಿನ್ನ ನೆಗಡಿ ಹೋಯಿತೇ? ಹಾಸ್ಟೆಲಿನ ಹುಡುಗಿಯರಿಗೆಲ್ಲ ಬಿಸಿ ಬಡಿಸಿ ನೀನು ಮಾತ್ರ ತಣ್ಣಗಾದದ್ದು ಉಣ್ಣುತ್ತೀ ಎಂದು ನನಗೆ ಗೊತ್ತು. ವಾರ್ಡನ್ ಆದವಳಿಗೂ ಹೊಟ್ಟೆ ಇರುತ್ತದೆ ತಾಯಿ. ಫೋನ್ ಇರುವಾಗ ಅವ್ವನಿಗೆ ಪತ್ರದ ಹುಚ್ಚೇಕೆ ಎನ್ನಬೇಡ. ಫೋನ್ ಹಿಡಿದರೆ ನಿಮ್ಮಪ್ಪ ಪಕ್ಕಕ್ಕೇ ಬಂದು ಕೂತು, 'ಸ್ಪೀಕರ್ ಹಚ್ಚ, ನಾನೂ ಕೇಳತೇನಿ' ಅನ್ನುತ್ತಾರೆ. ಅವರ ಸುದ್ದಿಯನ್ನು ಅವರ ಮುಂದೆಯೇ ಹೇಗೆ ಆಡಲಿ? ಪಕ್ಕದ ಮನೆಯ ಮಾಳಿಂಗ ಗಾಡಿ ತೆಗೆದುಕೊಂಡು ನಿಮ್ಮ ಮುದ್ದೇಬಿಹಾಳಕ್ಕೇ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಿಮ್ಮಪ್ಪನ ಡಯಾಲಿಸಿಸ್ಸಿನ ಹಿಂಸೆ ನೀನೂ ಕಂಡಿದ್ದೀ. ಇಂಡಿಯ ಆಸ್ಪತ್ರೆಗೆ ಹೋಗಿ ಎಡಗೈಗೆ ಆ ದಬ್ಬಣದಂಥ ಸೂಜಿ ಚುಚ್ಚಿಸಿಕೊಂಡು ಬಂದರೆ ಕಾಲು ಸೆಳೆತ, ಸೊಂಟನೋವು, ಮೈತುಂಬ ತುರಿಕೆ. ತಿಕ್ಕಿ ತಿಕ್ಕಿ ನನ್ನ ಕೈ ಸೋತವು. ಕಿಡ್ನಿ ಕೆಟ್ಟವರಿಗೆ ನೋವಿನ ಗುಳಿಗೆಯನ್ನೂ ಮನಬಂದಂತೆ ಕೊಡುವ ಹಾಗಿಲ್ಲ. ಅದಕ್ಕೇ ನೀನು ವಿಚಾರಿಸಿ ಸಿಂದಗಿಯ ಅಕ್ಯುಪಂಕ್ಚರ್ ಡಾಕ್ಟರ್ ಬಾಯಿಯ ಹತ್ತಿರ ಕರೆದೊಯ್ದೆ. ಕೂದಲಿನಂಥ ಸೂಜಿ ನೋಡಿ, 'ಇದರಿಂದ ಏನ ಮಣ್ಣ ಆಗತೈತಿ' ಎಂದು ನಾನು ಮೂಗು ಮುರಿದಿದ್ದೆ. ಅವತ್ತು ನಿಮ್ಮಪ್ಪ ಮನೆಗೆ ಬಂದವರೇ ಗೊರಕೆ ಹೊಡೆದರು. ಎಷ್ಟೋ ದಿನದಿಂದ ಕೇಳದ ಗೊರಕೆ. ನನಗೆ ಅಳುವೇ ಬಂತು. ಆ ಡಾಕ್ಟರ್ ಬಾಯಿಯೂ ಒಳ್ಳೆಯವರೇ. ಡಯಾಲಿಸಿಸ್ಸಿನ ಕೈ ಮುಟ್ಟಲಿಲ್ಲ. 'ಕಾಕಾ, ಇದು ಬರೇ ನೋವಿಗ್ರಿ, ಇದು ರಕ್ತಾ ತೊಳಿಯಂಗಿಲ್ಲ. ಇಂಡಿ ತಪ್ಪಸಬ್ಯಾಡ್ರಿ' ಎಂದು ಬಿಡಿಸಿ ಹೇಳಿದ್ದರು.

ಅಂದಿನಿಂದ ನಮ್ಮ ಮನೆಗೆ ಎರಡು ಸೂಜಿ ಬಂದವು. ಇಂಡಿಯದು ದೊಡ್ಡದು, ಸಿಂದಗಿಯದು ಸಣ್ಣದು. ಬಾಯಲ್ಲಿ ಮಾತ್ರ ಎರಡೂ ಸೂಜಿಯೇ. 'ಸೂಜಿಗೆ ಹೋಗಿ ಬರ್ತೇನಿ' ಎಂದು ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಡುತ್ತಿದ್ದರು. ಬಂದ ಮೇಲೆ 'ಸೂಜಿ ಆತೇನ್ರಿ?' ಎನ್ನುತ್ತಿದ್ದೆ. 'ಆತು' ಎನ್ನುತ್ತಿದ್ದರು. ಒಂದೂ ಸುಳ್ಳು ಹೇಳಲಿಲ್ಲ ನೋಡು, ಪುಣ್ಯಾತ್ಮ! ಈಚೆಗೆ ಮುಖ ತುಂಬಿಕೊಂಡಿತ್ತು. ನಿದ್ದೆ ಹತ್ತಿದ್ದಕ್ಕೆ ಮೈಗೆ ಹತ್ತಿತೆಂದು ನಾನು ಹಿಗ್ಗಿ ಓಣಿಯವರಿಗೆಲ್ಲ ಹೇಳಿದೆ. ಅದು ಬಾವು ನೋಡವ್ವ, ಹುಚ್ಚಿ ನಾನು! ಹೋದ ವಾರ ಜೋಳ ಬೀಸಿಸಲು ಬಸ್ ನಿಲ್ದಾಣದ ಹತ್ತಿರದ ಗಿರಣಿಗೆ ಹೋಗಿದ್ದೆ. ಇಂಡಿಗೆ ಹೋದ ಮನುಷ್ಯ ಸಿಂದಗಿಯಿಂದ ಬಂದ ಬಸ್ಸು ಇಳಿಯಬೇಕೆ? ನನ್ನನ್ನು ಕಂಡು ಅಲ್ಲೇ ನಿಂತುಬಿಟ್ಟರು. ಈಚೆಗೆ ಇಂಡಿ ತಪ್ಪಿಸಿ ಬರೇ ಸಣ್ಣ ಸೂಜಿಗೇ ಹೋಗುತ್ತಿದ್ದರಂತೆ, ಬಾವು ಬಂದದ್ದು ಅದಕ್ಕೇ.

ಬಾಯಿಗೆ ಬಂದಂತೆ ಬೈದೆ. 'ಸಾಯೂದಿದ್ರ ನನ್ನೂ ಕರ್ಕೊಂಡ ಸಾಯ್ರಿ' ಎಂದೆ. ಗಿರಣಿಯ ರಸೂಲಸಾಬ ಕೆಲಸ ಬಿಟ್ಟು ಹೊರಗೆ ಬಂದ. ನಿಮ್ಮಪ್ಪ ಸಿಟ್ಟಾಗಲಿಲ್ಲ. 'ದೊಡ್ಡ ಸೂಜಿ ಜೀವಾ ಕೊಡತೈತಿ, ಸಣ್ಣ ಸೂಜಿ ನಿದ್ದಿ ಕೊಡತೈತಿ. ನನಗ ನಿದ್ದಿ ಸಾಕು' ಎಂದರು. ಎರಡೂ ಮಾಡಿಸಿಕೊಳ್ಳಿ ಎಂದರೆ, ಇಂಡಿಯಿಂದ ತಂದ ನೋವನ್ನು ಸಿಂದಗಿಗೆ ಹೋಗುವತನಕ ಹೊರಲು ತ್ರಾಣವಿಲ್ಲವಂತೆ. ಕಡೆಗೆ ನಿನ್ನ ಹೆಸರು ತೆಗೆದೆ. 'ಸಂಘೂಗ ಹೇಳಬ್ಯಾಡ, ಮಂಗಳವಾರ ಇಂಡಿಗೇ ಹೋಗತೇನಿ' ಎಂದು ಮಾತು ಕೊಟ್ಟರು. ಸಿಂದಗಿಯ ದಾರಿ ತೋರಿಸಿದವಳು ನಾನಲ್ಲವೇ ಎಂದು ನೀನು ಕೊರಗಬೇಡ. ನೀನು ಕೊಟ್ಟದ್ದು ನಿದ್ದೆ, ಅದರಲ್ಲಿ ತಪ್ಪೇನೂ ಇಲ್ಲ.

ನಿನ್ನ ಹುಡುಗಿಯರಿಗೆಲ್ಲ ನನ್ನ ಜೈಭೀಮ್ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನವ್ವ
ಗುಂಡವ್ವ

ತಾ.ಕ.: ಮಾಳಿಂಗ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬರೆಯಬೇಕಾದದ್ದು ಇನ್ನೂ ಬರೆದೇ ಇಲ್ಲ. ಮಂಗಳವಾರ ಅಂದರೆ ಇವತ್ತು. ಬುತ್ತಿ ಕಟ್ಟಿಟ್ಟು ಎಬ್ಬಿಸಲು ಹೋದೆ. ಕಾಲು ಚಾಚಿ, ಹಣೆಯ ಗಂಟು ಸಡಿಲಾಗಿ, ಮದುವೆಯ ಹೊಸದರಲ್ಲಿ ಮಲಗುತ್ತಿದ್ದ ಹಾಗೆ ಮಲಗಿದ್ದರು. ಇಂಡಿಯ ಬಸ್ಸು ಬಂದು ಹೋದದ್ದು ಕೇಳಿಸಿತು. ನಾನು ಎಬ್ಬಿಸಲಿಲ್ಲ. ಈ ಸಲ ತಪ್ಪಿಸಿದವಳು ನಾನೇ. ಅವರು ಇನ್ನೂ ಮಲಗೇ ಇದ್ದಾರೆ, ಗೊರಕೆ ಇಲ್ಲಿಗೂ ಕೇಳಿಸುತ್ತಿದೆ. ಎಬ್ಬಿಸಿ ಕಳಿಸುವುದು ನನ್ನಿಂದ ಆಗುವುದಿಲ್ಲ ಸಂಘೂ, ಮಾಳಿಂಗ ತಿರುಗಿ ಬರುವಾಗ ಇದೇ ಗಾಡಿಗೆ ಬಾ, ಬಂದು ನೀನು ಎಬ್ಬಿಸು.